ಗ್ಯಾಸ್ ಮಾತ್ರೆಗೂ ಚೀಟಿ ಬೇಕು

ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಮಧ್ಯಾಹ್ನದ ಹೊತ್ತು ಕೈಗಾಡಿಗೆ ದಾರಿ ಬಿಡಬೇಕೆಂದರೆ ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಹಾಗೆ ನಾನು ಹತ್ತಿದ್ದು ಒಂದು ಮೆಡಿಕಲ್ ಶಾಪಿನ ಮೆಟ್ಟಿಲು. ಮುಂದೆ ನಿಂತಿದ್ದವರು ಪಕ್ಕದ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಐವತ್ತರ ಆಸುಪಾಸು. "ಪ್ಯಾನ್ ಫಾರ್ಟಿ ಒಂದು ನಾಲ್ಕು ಕೊಡಪ್ಪ, ಎದೆ ಉರೀತಿದೆ" ಎಂದರು. ಹುಡುಗ ಕತ್ತರಿ ತಗೊಂಡು ಸ್ಟ್ರಿಪ್ಪಿನ ಒಂದು ತುಂಡು ಕತ್ತರಿಸಿ ಕವರಿಗೆ ಹಾಕಿದ. ಚೀಟಿ ಕೇಳಲಿಲ್ಲ, ಬಿಲ್ ಬರೆಯಲಿಲ್ಲ. ಚಿಲ್ಲರೆಗಾಗಿ ಅವರು ಜೇಬು ತಡಕುವಾಗ ಇನ್ನೊಂದು ಸಣ್ಣ ಡಬ್ಬಿ ಗಲ್ಲಾದ ಮೇಲೆ ಬಂತು. ಮೇಲೆ ಡಸಾಟಿನಿಬ್ ಎಂದಿತ್ತು.

ನನ್ನಂಥ ವಕೀಲರಿಗೆ ಅನ್ಯರ ಕಾಗದ ಓದುವ ಕೆಟ್ಟ ಚಾಳಿ ಇರುತ್ತದೆ. ಕೇಳಿಯೇಬಿಟ್ಟೆ.

"ಇದು ರಕ್ತದ್ದಲ್ವಾ ಸಾರ್?"

"ಹೂಂ, ಬ್ಲಡ್ ಕ್ಯಾನ್ಸರ್ರು. ಮಾತ್ರೆಯಲ್ಲೇ ಹಿಡಿತದಲ್ಲಿದೆ. ಆರು ವರ್ಷ ಆಯ್ತು."

"ಗ್ಯಾಸ್ ಮಾತ್ರೆ ತಗೋತೀರ ಅಂತ ಡಾಕ್ಟ್ರಿಗೆ ಹೇಳಿದ್ದೀರಾ?"

"ಅದನ್ನೇನು ಹೇಳೋದು ಸಾರ್? ಅದು ಮಾಮೂಲಿ ತಾನೆ."

ಆ 'ಮಾಮೂಲಿ' ಎಂಬ ಮಾತಿನ ಮೇಲೇ ಈ ಲೇಖನ. ವೈದ್ಯದ ದೃಷ್ಟಿಯಲ್ಲೂ ಅದು ತಪ್ಪು, ಕಾನೂನಿನ ದೃಷ್ಟಿಯಲ್ಲೂ ತಪ್ಪು.

ಮೊದಲು ವೈದ್ಯದ ಮಾತು. ಡಸಾಟಿನಿಬ್ ಕರಗಿ ರಕ್ತಕ್ಕೆ ಸೇರಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು. ಪ್ಯಾಂಟೊಪ್ರಜೋಲ್ (ಅವರು ಕೇಳಿದ ಪ್ಯಾನ್ ಫಾರ್ಟಿ), ಒಮೆಪ್ರಜೋಲ್ ಜಾತಿಯ ಮಾತ್ರೆಗಳ ಕೆಲಸವೇ ಆ ಆಮ್ಲವನ್ನು ನಿಲ್ಲಿಸುವುದು. ಔಷಧದ ಅಧಿಕೃತ ಮಾಹಿತಿ ಹಾಳೆಯ ಪ್ರಕಾರ, ನಾಲ್ಕು ದಿನ ಒಮೆಪ್ರಜೋಲ್ ತೆಗೆದುಕೊಂಡವರಲ್ಲಿ ರಕ್ತಕ್ಕೆ ಸೇರಿದ ಡಸಾಟಿನಿಬ್ ಶೇ. 43ರಷ್ಟು ಕಡಿಮೆಯಾಗಿತ್ತು. ಆಮ್ಲ ತಗ್ಗಿಸುವ ಇನ್ನೊಂದು ಜಾತಿಯ ಫ್ಯಾಮೊಟಿಡಿನ್ ಮಾತ್ರೆಯನ್ನು ಹತ್ತು ಗಂಟೆ ಮೊದಲೇ ನುಂಗಿದ್ದರೂ ಶೇ. 61ರಷ್ಟು ಕಡಿಮೆ. ಡೈಜೀನ್, ಜೆಲುಸಿಲ್‌ನಂಥ ಆಂಟಾಸಿಡ್‌ಗಳನ್ನು ಜೊತೆಯಲ್ಲೇ ಕುಡಿದರೆ ಅರ್ಧಕ್ಕಿಂತ ಹೆಚ್ಚು ನಷ್ಟ. ಎರಡು ಗಂಟೆ ಅಂತರ ಇಟ್ಟರೆ ತೊಂದರೆಯಿಲ್ಲ. ಅಂದರೆ ಎದೆಯುರಿಗೆ ದಾರಿಯೇ ಇಲ್ಲ ಎಂದಲ್ಲ. ಯಾವ ಮಾತ್ರೆ, ಎಷ್ಟು ಹೊತ್ತಿನ ಅಂತರ ಎಂದು ಹೇಳುವವರು ಬೇಕು.

ಇದರಲ್ಲಿರುವ ಮೋಸ ಏನೆಂದರೆ, ಮೈಗೆ ಏನೂ ಗೊತ್ತಾಗುವುದಿಲ್ಲ. ಎದೆಯುರಿ ಹೋಗಿರುತ್ತದೆ, ಆರಾಮವೆನಿಸುತ್ತದೆ. ಕಾಯಿಲೆ ಎಷ್ಟು ಹಿಡಿತದಲ್ಲಿದೆ ಎಂದು ತಿಳಿಯಲು ಮೂರು ತಿಂಗಳಿಗೊಮ್ಮೆ ಮಾಡಿಸುವ ಬಿಸಿಆರ್-ಎಬಿಎಲ್ ರಕ್ತಪರೀಕ್ಷೆಯಲ್ಲಿ ಅಂಕಿ ಮೇಲಕ್ಕೆ ಹೋಗಿರುತ್ತದೆ. ಡಾಕ್ಟರು ಸಹಜವಾಗಿಯೇ ಔಷಧ ಕೆಲಸ ಮಾಡುತ್ತಿಲ್ಲವೇನೋ ಎಂದು ಇನ್ನೂ ದುಬಾರಿಯದ್ದನ್ನು ಬರೆಯಬಹುದು. ಗ್ಯಾಸ್ ಮಾತ್ರೆಯ ಸುದ್ದಿ ಡಾಕ್ಟರ ಕೋಣೆಯಲ್ಲಿ ಬರುವುದೇ ಇಲ್ಲ.

ಡಸಾಟಿನಿಬ್ ಕುಟುಂಬದ್ದೇ ಆದ ಇಮಾಟಿನಿಬ್‌ಗೆ ಆಮ್ಲದ ಹಂಗಿಲ್ಲ, ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಳ್ಳಬೇಕು. ಆದರೆ ಅದಕ್ಕೆ ಯಕೃತ್ತಿನ ತಾಪತ್ರಯ: ಪ್ಯಾರಾಸಿಟಮಾಲ್ ಜೊತೆ ಎಚ್ಚರಿಕೆ ಬೇಕೆಂದು ಔಷಧದ ಮಾಹಿತಿಯಲ್ಲೇ ಇದೆ, ದಿನಕ್ಕೆಷ್ಟು ಎಂಬ ಮಿತಿಯನ್ನು ಡಾಕ್ಟರೇ ಹೇಳಬೇಕು. ನಿಲೋಟಿನಿಬ್ ಅಂತೂ ಖಾಲಿ ಹೊಟ್ಟೆಗೇ ಆಗಬೇಕು, ಎರಡು ಗಂಟೆ ಮೊದಲು, ಒಂದು ಗಂಟೆ ನಂತರ ಏನೂ ತಿನ್ನಬಾರದು. ಹೃದಯದ ಲಯ ಕೆಡಿಸುವ ಗುಣವಿರುವುದರಿಂದ ಕೆಲವು ಆಂಟಿಬಯೋಟಿಕ್‌ಗಳು ಅದಕ್ಕೆ ಆಗುವುದಿಲ್ಲ. ರಕ್ತಕ್ಯಾನ್ಸರಿಗೇ ಕೊಡುವ ಇನ್ನೊಂದು ಮಾತ್ರೆ ಮರ್ಕ್ಯಾಪ್ಟೊಪ್ಯೂರಿನ್ ತೆಗೆದುಕೊಳ್ಳುವವರು ಯೂರಿಕ್ ಆಸಿಡ್‌ಗೆಂದು ಅಲೊಪ್ಯೂರಿನಾಲ್ ಸೇರಿಸಿದರೆ ಮೊದಲಿನದರ ಪ್ರಮಾಣವನ್ನು ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗಕ್ಕೆ ಇಳಿಸಬೇಕಾಗುತ್ತದೆ, ಇಲ್ಲದಿದ್ದರೆ ಮಜ್ಜೆಯೇ ಕುಸಿಯುತ್ತದೆ. ಮೆಥೊಟ್ರೆಕ್ಸೇಟ್ ಜೊತೆ ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸೇರಿದರೆ ಮೂತ್ರಪಿಂಡದಿಂದ ಔಷಧ ಹೊರಹೋಗುವುದು ತಡವಾಗಿ ವಿಷವಾಗಬಹುದು. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಆಸ್ಪಿರಿನ್ ರಕ್ತಸ್ರಾವದ ದಾರಿ. ಚಿಕಿತ್ಸೆಯಲ್ಲಿರುವ ಮಗುವಿಗೆ ಜ್ವರ ಬಂದರೆ ಮೊದಲು ಡೋಲೋ (ಪ್ಯಾರಾಸಿಟಮಾಲ್) ಕೊಟ್ಟು ನೋಡೋಣ ಎನ್ನುವುದು ಎಲ್ಲಕ್ಕಿಂತ ಅಪಾಯದ್ದು. ಬಿಳಿ ರಕ್ತಕಣ ಇಳಿದಾಗಿನ ಜ್ವರ ತುರ್ತುಸ್ಥಿತಿ. ಮಾತ್ರೆ ಅದನ್ನು ಮುಚ್ಚಿಡುತ್ತದೆ ಅಷ್ಟೇ. ಥರ್ಮಾಮೀಟರ್ ಇಟ್ಟು ಅಂಕಿ ನೋಡಿ ಆಸ್ಪತ್ರೆಗೆ ಫೋನ್ ಮಾಡುವುದೇ ಸರಿ.

ಒಂದು ಹಣ್ಣಿನ ವಿಷಯ ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ. ಡಸಾಟಿನಿಬ್ ಕುಟುಂಬದ ಔಷಧಗಳ ಹಾಳೆಯಲ್ಲಿ ಗ್ರೇಪ್‌ಫ್ರೂಟ್ ಬೇಡವೆಂದು ಬರೆದಿರುತ್ತದೆ. ಅದು ನಮಗೆ ಗೊತ್ತಿಲ್ಲದ ಹಣ್ಣು ಎಂದು ಓದಿ ಬಿಡುತ್ತೇವೆ. ಗ್ರೇಪ್‌ಫ್ರೂಟಿನ ತಾಯಿ ಹಣ್ಣು ನಮ್ಮ ಚಕ್ಕೋತ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತವನ್ನು ಉಪ್ಪು-ಖಾರ ಹಚ್ಚಿ ತಿನ್ನುವ ಊರು ಇದು. ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುವ ಅದೇ ವರ್ಗದ ರಾಸಾಯನಿಕಗಳು ಇದರಲ್ಲೂ ಇವೆ. ಡಾಕ್ಟರನ್ನು ಕೇಳಿ ತಿನ್ನಿ.

ಇನ್ನು ಕಾನೂನು. ಹಿಂದೆ ರಕ್ತಕ್ಯಾನ್ಸರ್ ಎಂದರೆ ವಾರ್ಡು, ಡ್ರಿಪ್ಪು, ನರ್ಸು. ಏನು ಕೊಡಬೇಕು, ಕೊಡಬಾರದು ಎಂಬುದು ಅವರ ತಲೆನೋವು. ಈಗ ಎಷ್ಟೋ ಜನರಿಗೆ ಚಿಕಿತ್ಸೆ ಎಂದರೆ ಜೇಬಿನ ಡಬ್ಬಿ. ಅದಕ್ಕೆ ಒಂದು ಕಾರಣ ಸುಪ್ರೀಂ ಕೋರ್ಟು. 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಗ್ಲೀವೆಕ್ (ಇಮಾಟಿನಿಬ್) ಪೇಟೆಂಟ್ ಅರ್ಜಿಯನ್ನು, ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಆಧಾರದಲ್ಲಿ ಅದು ತಳ್ಳಿಹಾಕಿತು. ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿಯ ಮಾತ್ರೆಗೆ ಎದುರಾಗಿ ಎಂಟು-ಹತ್ತು ಸಾವಿರದ ಭಾರತೀಯ ಇಮಾಟಿನಿಬ್ ಅಂಗಡಿಯಲ್ಲಿ ಉಳಿಯಿತು. ಮಾತ್ರೆ ಮನೆಗೆ ಬಂತು; ವಾರ್ಡಿನ ಕಾವಲು ಮಾತ್ರ ಜೊತೆಗೆ ಬರಲಿಲ್ಲ. ಆ ಕಾವಲನ್ನು ಈಗ ಕಾನೂನು ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಮೇಲೆ ಹೊರಿಸಿದೆ. ನಮ್ಮಲ್ಲಿ ಅದು ಬಹಳ ಜನಕ್ಕೆ ಗೊತ್ತಿಲ್ಲ, ಕೆಲವು ಅಂಗಡಿಯವರಿಗೂ ಗೊತ್ತಿದ್ದಂತಿಲ್ಲ.

'ಓಟಿಸಿ' ಎಂಬ ಪದ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಲ್ಲೂ 1945ರ ನಿಯಮಗಳಲ್ಲೂ ಒಂದು ವರ್ಗವಾಗಿ ಇಲ್ಲ. ಇರುವುದು ಷೆಡ್ಯೂಲ್‌ಗಳು. ಎಚ್, ಎಚ್1, ಎಕ್ಸ್ ಪಟ್ಟಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ 65ನೇ ನಿಯಮ. ಲೆಕ್ಕದವರು ಕೇಳಿದ ಪ್ಯಾಂಟೊಪ್ರಜೋಲ್ ಷೆಡ್ಯೂಲ್ ಎಚ್. ಅಲೊಪ್ಯೂರಿನಾಲ್, ಡೈಕ್ಲೊಫೆನಾಕ್, ಶೀತಕ್ಕೆ ನುಂಗುವ ಸೆಟಿರಿಜಿನ್ ಕೂಡ. ನಂಬಿಕೆ ಬರದಿದ್ದರೆ ಮನೆಯಲ್ಲಿರುವ ಸ್ಟ್ರಿಪ್ ತಿರುಗಿಸಿ ನೋಡಿ, 'ಆರ್‌ಎಕ್ಸ್' ಗುರುತು, ಕೆಳಗೆ ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕೆಂಬ ಎಚ್ಚರಿಕೆ ಇರುತ್ತದೆ. ಗಲ್ಲಾದ ಹುಡುಗ ಕತ್ತರಿಸಿಟ್ಟ ತುಂಡಿನಲ್ಲಿ ಆ ಎಚ್ಚರಿಕೆ ಬಹುತೇಕ ಅರ್ಧಕ್ಕೆ ತುಂಡಾಗಿರುತ್ತದೆ. ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ ಇನ್ನರ್ಧದ ಜೊತೆ ಡ್ರಾಯರಿನಲ್ಲೇ ಉಳಿಯುತ್ತದೆ. ನಾಳೆ ದೂರು ಕೊಡಬೇಕಾದರೆ ನಿಮಗೆ ಬೇಕಾಗುವುದು ಆ ಅರ್ಧವೇ.

ಅಂಗಡಿಯಲ್ಲಿ ಯಾರಿರಬೇಕು? 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನಂತೆ ಚೀಟಿಯ ಔಷಧವನ್ನು ಸಿದ್ಧಪಡಿಸಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಇನ್ನೂ ಮುಂದೆ ಹೋಗುತ್ತದೆ. ಚೀಟಿ ಬಂದಾಗ ಒಂದು ಔಷಧಕ್ಕೂ ಇನ್ನೊಂದಕ್ಕೂ ಆಗಿಬರುತ್ತದೆಯೇ ಎಂದು ಫಾರ್ಮಸಿಸ್ಟ್ ಪರಿಶೀಲಿಸಬೇಕು; ಅಡ್ಡಪರಿಣಾಮ, ತಪ್ಪಿಸಬೇಕಾದ ಜೋಡಿ, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಇವನ್ನೆಲ್ಲ ರೋಗಿಗೋ ಮನೆಯವರಿಗೋ ತಾನೇ ಮುಂದಾಗಿ ತಿಳಿಸಬೇಕು. ಹಾಗಾಗಿ "ಸ್ವಾಮಿ, ನಾನು ಈ ಕ್ಯಾನ್ಸರ್ ಮಾತ್ರೆ ತಗೋತೀನಿ, ಇದಕ್ಕೆ ಅದು ಆಗುತ್ತಾ? ಫಾರ್ಮಸಿಸ್ಟ್ ಯಾರು, ಕರೀರಿ" ಎಂದು ಕೇಳುವುದು ತಕರಾರು ತೆಗೆಯುವುದಲ್ಲ. ಕಾನೂನು ಅವರಿಗೆ ಹಚ್ಚಿದ ಕೆಲಸವನ್ನು ನೀವು ನೆನಪಿಸುತ್ತಿದ್ದೀರಿ.

ಪೇಟೆಗೆ ಬರುವವರಿಗೆ ಒಂದು ಕಿವಿಮಾತು. ಅಂಗಡಿಯ ಗೋಡೆಯ ಮೇಲೆ ಲೈಸೆನ್ಸ್ ತೂಗುಹಾಕಿರಬೇಕು. ಫಾರ್ಮ್ 20, 21 ಇದ್ದರೆ ಚಿಲ್ಲರೆ; 20ಬಿ, 21ಬಿ ಇದ್ದರೆ ಸಗಟು. ಸಗಟು ಅಂಗಡಿ ಮಾರಬೇಕಾದ್ದು ಲೈಸೆನ್ಸ್ ಇರುವ ಇನ್ನೊಬ್ಬ ವ್ಯಾಪಾರಿಗೆ, ಆಸ್ಪತ್ರೆಗೆ. ನಾಲ್ಕು ಕಾಸು ಉಳಿಯುತ್ತದೆಂದು ಅಲ್ಲಿಂದ ತಂದರೆ ನಿಮ್ಮ ಪ್ರಶ್ನೆಗೆ ಉತ್ತರಿಸುವ ಹೊಣೆಯವರು ಅಲ್ಲಿ ಇರುವುದಿಲ್ಲ.

ಬಿಲ್ ಬಗ್ಗೆ ನಾನು ಹಟಮಾರಿ. "ಬಿಲ್ ಬೇಕಾದ್ರೆ ಜಿಎಸ್‌ಟಿ ಸೇರುತ್ತೆ ಸಾರ್" ಎನ್ನುವ ಮಾತಿಗೆ ಮಣಿಯಬೇಡಿ. ಸ್ಟ್ರಿಪ್ ಮೇಲಿನ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಬೆಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಔಷಧದ ಹೆಸರು, ಬ್ಯಾಚ್ ಸಂಖ್ಯೆ ಬರೆಸಿ. ಚೀಟಿಯಲ್ಲಿದ್ದ ಷೆಡ್ಯೂಲ್ ಎಚ್ ಔಷಧದ ಬದಲು 'ಅದೇ ಸಾರ್, ಬೇರೆ ಕಂಪನಿ' ಎಂದು ಬೇರೆಯದನ್ನು ಕೊಡಲು ನಿಯಮ 65(11ಎ) ಬಿಡುವುದಿಲ್ಲ. ಜೆನರಿಕ್ ಬೇಕಿದ್ದರೆ ಡಾಕ್ಟರಿಂದ ಹಾಗೆ ಬರೆಸಿಕೊಳ್ಳಿ.

ಆಸ್ಪತ್ರೆಯ ಕಡೆಯೂ ನಿಮ್ಮ ಹಕ್ಕು ಉಂಟು. 2002ರ ವೈದ್ಯಕೀಯ ನಡತೆ ನಿಯಮಗಳಂತೆ, ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರೀಕ್ಷಾ ವರದಿಗಳ ದಿನಾಂಕ, ಅಂಗಡಿ ಬಿಲ್ಲುಗಳ ದಿನಾಂಕ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಯಾವುದು ಯಾವುದನ್ನು ಕೆಡಿಸಿತು ಎಂಬ ಚಿತ್ರ ಸಿಗುವುದು.

ಏನಾದರೂ ಎಡವಟ್ಟಾದರೆ ಎಲ್ಲಿಗೆ ಹೋಗಬೇಕು? ಮೊದಲು ಡಾಕ್ಟರ ಬಳಿಗೆ, ಕ್ಯಾನ್ಸರ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆಮೇಲೆ ಅಡ್ಡಪರಿಣಾಮವನ್ನು ದಾಖಲಿಸಿ. ಅದಕ್ಕೆಂದೇ ಇರುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಂಖ್ಯೆ 1800 180 3024. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲೂ ಇದೆ. ಮಾಮೂಲ್‌ಪೇಟೆಯಿಂದ ನಡೆದೇ ಹೋಗಬಹುದಾದ ವಿಕ್ಟೋರಿಯಾ ಆಸ್ಪತ್ರೆಗೆ ಹೊಂದಿಕೊಂಡ ಬೆಂಗಳೂರು ಮೆಡಿಕಲ್ ಕಾಲೇಜು ಇಂಥ ವರದಿ ಪಡೆಯುವ ಕೇಂದ್ರ. ಇದು ಯಾರ ಮೇಲೂ ಕೇಸಲ್ಲ, ಅದಕ್ಕೇ ಹಿಂಜರಿಕೆ ಬೇಡ.

ಫಾರ್ಮಸಿಸ್ಟ್ ಇಲ್ಲದ ಅಂಗಡಿ, ಚೀಟಿಯಿಲ್ಲದ ಮಾರಾಟದ ದೂರು ಅರಮನೆ ರಸ್ತೆಯಲ್ಲಿರುವ ರಾಜ್ಯದ ಔಷಧ ನಿಯಂತ್ರಕರ ಕಚೇರಿಗೆ. ಔಷಧದ ಗುಣಮಟ್ಟದ ಮೇಲೇ ಅನುಮಾನವಿದ್ದರೆ 1940ರ ಔಷಧ ಕಾಯ್ದೆಯ 26ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಅರ್ಜಿ ಫಾರ್ಮ್ 14-ಎ. ದೂರಿನ ಮೇಲೆ ಏನಾಯಿತೆಂದು ತಿಳಿಯಲು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆಯಬೇಡಿ, ದೂರಿನ ದಿನಾಂಕ ಬರೆದು ಕ್ರಮದ ಪ್ರತಿ ಕೇಳಿ.

ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ. ಬೆಂಗಳೂರು ನಗರದ್ದು ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದಾಖಲಿಸಬಹುದು, ಎರಡು ವರ್ಷದೊಳಗೆ ಆಗಬೇಕು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಆದರೆ ನಾನು ನನ್ನ ಕಕ್ಷಿದಾರರಿಗೆ ನೇರವಾಗಿಯೇ ಹೇಳುತ್ತೇನೆ: ನಾಲ್ಕು ಗ್ಯಾಸ್ ಮಾತ್ರೆಯಿಂದಲೇ ಕಾಯಿಲೆ ಮರುಕಳಿಸಿತು ಎಂದು ಸಾಬೀತು ಮಾಡುವುದು ಕಷ್ಟ. ಎದುರು ಕಡೆಯವರು ಮೊದಲು ಕೇಳುವುದು, ನೀವು ಡಾಕ್ಟರಿಗೆ ಹೇಳಿದ್ದಿರಾ ಎಂದು. ಕೇಸಿಗಿಂತ ಗಲ್ಲಾದ ಮುಂದೆ ಕೇಳುವ ಒಂದು ಪ್ರಶ್ನೆ ಅಗ್ಗ.

ಲೆಕ್ಕದವರನ್ನು ಹದಿನೈದು ದಿನದ ಮೇಲೆ ಅದೇ ಬೀದಿಯಲ್ಲಿ ಕಂಡೆ. ಡಾಕ್ಟರು ಪ್ಯಾಂಟೊಪ್ರಜೋಲ್ ನಿಲ್ಲಿಸಿ, ಅಂತರ ಇಟ್ಟು ಕುಡಿಯಲು ಆಂಟಾಸಿಡ್ ಬರೆದಿದ್ದರಂತೆ. ಜೇಬಿನಿಂದ ಮಡಚಿದ ಹಾಳೆ ತೆಗೆದರು, ಖಾತೆ ಪುಸ್ತಕದ್ದೇ ಹಾಳೆ. ಎಡಕ್ಕೆ ಮಾತ್ರೆಯ ಹೆಸರು, ಬಲಕ್ಕೆ ಗಂಟೆ, ಜಮಾ-ಖರ್ಚಿನ ಹಾಗೆ ಗೆರೆ ಎಳೆದಿದ್ದರು. ಹೆಂಡತಿ ಗ್ರಂದಿಗೆ ಅಂಗಡಿಯಿಂದ ತರಿಸಿದ್ದ ಕಷಾಯದ ಪುಡಿಯೂ ಅದರಲ್ಲಿತ್ತು. ಕೊನೆಯ ಸಾಲಿನಲ್ಲಿ 'ಚಕ್ಕೋತ' ಎಂದು ಬರೆದು, ಮುಂದಿನ ಸಲ ಡಾಕ್ಟರನ್ನು ಕೇಳಲೆಂದು ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.