ಕಂಪ್ಯೂಟರ್ ನಡುನಡುವೆ ಹ್ಯಾಂಗ್ ಆದರೆ ಎಲ್ಲಿಂದ ಹುಡುಕಬೇಕು?

ಕಳೆದ ಏಪ್ರಿಲ್‌ನಲ್ಲಿ ನಮ್ಮ ವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿ ಲ್ಯಾಬಿನ ಬಾಗಿಲಿಗೆ ಬಂದು ನಿಂತ. ನಿಪ್ಪಾಣಿ ಕಡೆಯಿಂದ ಬರುವ ಹುಡುಗ. ಅವನ ಅಣ್ಣನದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋ ಎಡಿಟಿಂಗ್ ಎಲ್ಲ ಒಂದೇ ಡೆಸ್ಕ್‌ಟಾಪ್ ಮೇಲೆ ನಡೆಯುತ್ತದೆ.

“ಸರ್, ಕಂಪ್ಯೂಟರ್ ಒಮ್ಮೆಲೆ ಹ್ಯಾಂಗ್ ಆಗಾಕತ್ತೈತ್ರೀ. ಮೌಸ್ ಸುದ್ದಾ ಅಳ್ಯಾಡಂಗಿಲ್ಲ. ಅಣ್ಣ ಮೂರು ಮದುವಿ ವಿಡಿಯೋ ಕೊಡಬೇಕಾಗೈತಿ. ನಿನ್ನ ಕೈಯಿಂದನ ಕೆಟ್ಟೈತಿ ಅಂತಾನ್ರೀ.”

“ನೀ ಏನ್ ಮಾಡಿದ್ದಿ?”

“ಡಿಸೆಂಬರ್‌ದಾಗ ಓವರ್‌ಕ್ಲಾಕ್ ಮಾಡಿದ್ನಿರೀ. ಇಷ್ಟ ದಿನ ಚಲೋ ನಡೀತಿತ್ತು.”

ರಿಪೇರಿಯವರು ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಎರಡನ್ನೂ ಬದಲಿಸಬೇಕೆಂದು ಹೇಳಿದ್ದರಂತೆ. ಮನೆಯಲ್ಲಿ ಅಷ್ಟು ಹಣವಿರಲಿಲ್ಲ. ಹೀಗಾಗಿ ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು. ಇಂಥ ತೊಂದರೆ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಬರಬಹುದಾದ್ದರಿಂದ ಹುಡುಕಿದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಓವರ್‌ಕ್ಲಾಕ್ ಎಂದರೇನು ನೋಡೋಣ. ಪ್ರೊಸೆಸರ್‌ನ ವೇಗ ಒಂದು ಗುಣಾಕಾರ. ಮೂಲ ಗಡಿಯಾರ 100 ಮೆಗಾಹರ್ಟ್ಸ್, ಗುಣಕ 40 ಇದ್ದರೆ ವೇಗ 4.0 ಗಿಗಾಹರ್ಟ್ಸ್. ಗುಣಕವನ್ನು 44 ಮಾಡಿದರೆ 4.4. ಆ ವೇಗದಲ್ಲಿ ಚಿಪ್ ತಡವರಿಸದಿರಲೆಂದು ಹುಡುಗ ವೋಲ್ಟೇಜನ್ನೂ 1.20 ರಿಂದ 1.32 ಕ್ಕೆ ಏರಿಸಿದ್ದ. ಎರಡೂ ಹತ್ತೇ ಪ್ರತಿಶತ, ಹೆಚ್ಚೇನಲ್ಲ ಎನಿಸುತ್ತದೆ. ಆದರೆ ದ್ವಿತೀಯ ಪಿಯು ಭೌತಶಾಸ್ತ್ರದ ಕೆಪ್ಯಾಸಿಟರ್ ಪಾಠ ನೆನಪಿಸಿಕೊಳ್ಳಿ. ಅದರಲ್ಲಿ ಸಂಗ್ರಹವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಚಿಪ್ಪಿನೊಳಗಿನ ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳು ಪ್ರತಿ ಬಡಿತಕ್ಕೂ ಹೀಗೆಯೇ ತುಂಬಿ ಖಾಲಿಯಾಗುತ್ತವೆ. ಆದ್ದರಿಂದ ಶಾಖದ ಏರಿಕೆ 1.1 × 1.1 × 1.1, ಅಂದರೆ ಸುಮಾರು 1.33 ಪಟ್ಟು. 90 ವ್ಯಾಟ್ ಇದ್ದದ್ದು 120 ವ್ಯಾಟ್ ಆಯಿತು.

ಈಗ ಇದಕ್ಕೆ ನಮ್ಮ ಬಿಸಿಲನ್ನು ಸೇರಿಸಿ. ಲೆಕ್ಕಕ್ಕಾಗಿ, ಫ್ಯಾನ್ ಮತ್ತು ಹೀಟ್‌ಸಿಂಕ್ ಇದ್ದೂ ಪ್ರತಿ ವ್ಯಾಟಿಗೆ ಚಿಪ್ ಅರ್ಧ ಡಿಗ್ರಿ ಕಾಯುತ್ತದೆ ಎಂದಿಟ್ಟುಕೊಳ್ಳೋಣ. 120 ವ್ಯಾಟಿಗೆ ಕೋಣೆಗಿಂತ 60 ಡಿಗ್ರಿ ಹೆಚ್ಚು. ಡಿಸೆಂಬರ್ ರಾತ್ರಿ ಕೋಣೆ 20 ಡಿಗ್ರಿ ಇದ್ದಾಗ ಚಿಪ್ 80. ಏಪ್ರಿಲ್ ಮಧ್ಯಾಹ್ನ, ತಗಡಿನ ಚಾವಣಿಯ ಕೋಣೆ 38 ಇದ್ದಾಗ 98. ಅನೇಕ ಪ್ರೊಸೆಸರ್‌ಗಳು 100ರ ಆಸುಪಾಸಿನಲ್ಲಿ ತಾವೇ ವೇಗ ಇಳಿಸಿಕೊಳ್ಳುತ್ತವೆ. ಕಂಪನಿ ಕೊಟ್ಟ ವೇಗದಲ್ಲೇ ಬಿಟ್ಟಿದ್ದರೆ ಅದೇ ಮಧ್ಯಾಹ್ನ 83 ಇರುತ್ತಿತ್ತು.

ಕಂಪನಿಯವರು ಚಿಪ್ಪಿಗೆ ಒಂದು ವೇಗ ನಿಗದಿ ಮಾಡುವಾಗ ಕಾದ ಕೋಣೆ, ಏರಿಳಿಯುವ ವೋಲ್ಟೇಜ್, ಚಿಪ್ ಹಳೆಯದಾಗುವುದು ಇವಕ್ಕೆಲ್ಲ ಒಂದಿಷ್ಟು ಅಂತರ ಬಿಟ್ಟಿರುತ್ತಾರೆ. ಓವರ್‌ಕ್ಲಾಕ್ ಮಾಡುವವನು ಆ ಅಂತರವನ್ನು ವೇಗಕ್ಕಾಗಿ ಖರ್ಚು ಮಾಡುತ್ತಾನೆ. ಚಳಿಗಾಲದಲ್ಲಿ ಖರ್ಚು ಮಾಡಿದ್ದರ ಲೆಕ್ಕ ಬೇಸಿಗೆಯಲ್ಲಿ ಬರುತ್ತದೆ. ಅಥಣಿ, ಕಾಗವಾಡದ ಬಿಸಿಲು ಗೊತ್ತಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಷ್ಟಾದ ಮೇಲೆ ಬಿಸಿಲೇ ಕಳ್ಳ ಎಂದು ನಾನೂ ತೀರ್ಮಾನಿಸಿಬಿಟ್ಟಿದ್ದೆ. ಆದರೂ ರೂಢಿಯಂತೆ, “ಒಂದು ವಹಿ ಮಾಡು. ಯಾವಾಗ ನಿಂತಿತು, ಆಗ ಏನು ನಡೆದಿತ್ತು, ತಾಪಮಾನ ಎಷ್ಟಿತ್ತು, ಎಲ್ಲ ಬರಿ. ಮೊದಲು ವಿಡಿಯೋಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡು” ಎಂದು ಹೇಳಿ ಕಳಿಸಿದೆ. ನಾಲ್ಕು ದಿನದ ನಂತರ ವಹಿ ತಂದ. ಐದು ಸಲ ನಿಂತಿತ್ತು. ಮೂರು ಸಲ ಮಧ್ಯಾಹ್ನ, ವಿಡಿಯೋ ರೆಂಡರ್ ಆಗುವಾಗ. ಆದರೆ ಉಳಿದೆರಡು ಸಲ ರಾತ್ರಿ ಹನ್ನೊಂದರ ನಂತರ, ಸುಮ್ಮನೆ ಫೈಲ್ ಕಾಪಿ ಮಾಡುವಾಗ, ತಾಪಮಾನ 50 ಕೂಡ ಇರಲಿಲ್ಲ. ಬಿಸಿಲಿನ ಕಥೆಗೆ ಈ ಎರಡು ಹೊಂದುವುದಿಲ್ಲ.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದೆವು. ಅಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಾಲುಸಾಲಾಗಿತ್ತು. ಅದನ್ನು ನೋಡಿಯೇ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನುವವರಿದ್ದಾರೆ. ಅದು ಹೇಳುವುದು ಇಷ್ಟೇ: ಕಂಪ್ಯೂಟರ್ ಕ್ರಮವಾಗಿ ಮುಚ್ಚದೆ ಮತ್ತೆ ಶುರುವಾಯಿತು. ಹ್ಯಾಂಗ್ ಆದಾಗ ನಾವೇ ಬಟನ್ ಒತ್ತಿ ಆರಿಸಿದರೂ ಅದೇ ದಾಖಲೆ ಬರುತ್ತದೆ. ನೋಡಬೇಕಾದದ್ದು ಡಬ್ಲ್ಯುಎಚ್‌ಇಎ-ಲಾಗರ್ ಎಂಬ ಹೆಸರನ್ನು. ಅದು ಹಾರ್ಡ್‌ವೇರ್ ತಪ್ಪಿನ ದಾಖಲೆ. ಹಾಗೆಯೇ ಅರ್ಧ ನಿಮಿಷ ನಿಂತು ತಾನಾಗಿಯೇ ಮುಂದುವರಿದರೆ ಡಿಸ್ಕ್ ಅಥವಾ ಅದರ ಕೇಬಲ್ ಮೇಲೆ ಸಂಶಯಪಡಿ. ನದಿದಂಡೆಯ ಊರುಗಳಲ್ಲಿ ಪಂಪ್‌ಸೆಟ್ ಚಾಲೂ ಆದಾಗ ದೀಪ ಮಂಕಾಗುವುದುಂಟು. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಸಾಮಾನ್ಯವಾಗಿ ಆರಿ ಹೋಗುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ, ಚಿತ್ರ ಹಾಗೇ ಹಿಡಿದು ನಿಲ್ಲುವುದು ಕಡಿಮೆ.

ಇದರ ನಂತರ ಬಯೋಸ್‌ಗೆ ಹೋಗಿ ಎಲ್ಲವನ್ನೂ ಕಂಪನಿ ಕೊಟ್ಟ ಸ್ಥಿತಿಗೆ ತಂದೆವು. ಮೂರು ದಿನ ಒಮ್ಮೆಯೂ ನಿಲ್ಲಲಿಲ್ಲ. ಅಲ್ಲಿಗೆ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಖರ್ಚಿನ ಮಾತು ಹಿಂದೆ ಸರಿಯಿತು. ಹುಡುಗ ಅಲ್ಲೇ ಬಿಡೋಣವೆಂದ. ನಾನು ಬಿಡಲಿಲ್ಲ, ಏಕೆಂದರೆ ಯಾವುದು ಕಾರಣವೆಂದು ಇನ್ನೂ ತಿಳಿದಿರಲಿಲ್ಲ. ಒಂದೊಂದನ್ನೇ ವಾಪಸ್ ಹಾಕಿದೆವು. ಪ್ರೊಸೆಸರ್ ವೇಗ ಮಾತ್ರ ಏರಿಸಿದಾಗ ರಾತ್ರಿ ನಿರಾಳ, ಮಧ್ಯಾಹ್ನ ಹ್ಯಾಂಗ್. ಅದನ್ನು ಇಳಿಸಿ ರ್‍ಯಾಮ್‌ನ ಎಕ್ಸ್‌ಎಂಪಿ ಮಾತ್ರ ಹಾಕಿದಾಗ ಅದೇ ರಾತ್ರಿ ಹ್ಯಾಂಗ್.

ಎಕ್ಸ್‌ಎಂಪಿಯೂ ಒಂದು ಓವರ್‌ಕ್ಲಾಕೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಡಿಡಿಆರ್4 ರ್‍ಯಾಮ್‌ನ ಸಾಮಾನ್ಯ ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಅನೇಕ ಸ್ಟಿಕ್‌ಗಳು 1.35 ಕ್ಕೆ ಹೋಗುತ್ತವೆ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶ ನಡೆಸಿದೆವು. ಇಪ್ಪತ್ತು ನಿಮಿಷದೊಳಗೆ ಕೆಂಪು ಸಾಲುಗಳು ಬಂದವು. ಕೇಸ್ ತೆಗೆದು ನೋಡಿದರೆ ನಾಲ್ಕು ಸ್ಟಿಕ್, ಎರಡು ಬೇರೆ ಬೇರೆ ಕಂಪನಿಯವು.

“ಇವೆರಡು ಯಾವಾಗ ಹಾಕಿದಿರಿ?”

ಹುಡುಗ ಫೋನ್ ಮಾಡಿ ಕೇಳಿದ. ಮಾರ್ಚ್‌ನಲ್ಲಿ, ಮದುವೆ ಸೀಸನ್ ಶುರುವಾಗುವ ಮುನ್ನ, ಅಣ್ಣನೇ ತಂದು ಹಾಕಿದ್ದ. ಬೇರೆ ಜೋಡಿ ಸ್ಟಿಕ್‌ಗಳು ಆ ವೇಗದಲ್ಲಿ ಒಟ್ಟಿಗೆ ನಡೆಯುತ್ತವೆಂಬ ಖಾತರಿಯಿಲ್ಲ. ಎಕ್ಸ್‌ಎಂಪಿ ತೆಗೆದು ಇಡೀ ರಾತ್ರಿ ಪರೀಕ್ಷೆ ನಡೆಸಿದೆವು, ಒಂದೂ ತಪ್ಪು ಬರಲಿಲ್ಲ. ಹೀಗೆ ತೊಂದರೆ ಎರಡಿದ್ದವು, ಒಂದು ತಮ್ಮನದು, ಒಂದು ಅಣ್ಣನದು. ಒಂದೇ ಕಾರಣವೆಂದು ನಂಬಿ ಹುಡುಕಿದ್ದರೆ ಇನ್ನೊಂದು ಸಿಗುತ್ತಲೇ ಇರಲಿಲ್ಲ.

ಪ್ರೊಸೆಸರ್ ಪರೀಕ್ಷೆಗೆ ಪ್ರೈಮ್95 ಬಳಸಿದೆವು. ಇದು ಮೂಲತಃ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ತಂತ್ರಾಂಶ. ಉತ್ತರ ಮೊದಲೇ ಗೊತ್ತಿರುವ ಭಾರೀ ಲೆಕ್ಕಗಳನ್ನು ಮಾಡಿಸಿ ಚಿಪ್ಪಿನ ಉತ್ತರದೊಂದಿಗೆ ಹೋಲಿಸುತ್ತದೆ. ಹ್ಯಾಂಗ್ ಆಗದಿದ್ದರೂ ತಪ್ಪು ಉತ್ತರ ಬಂದರೆ ಹಿಡಿಯುತ್ತದೆ. ನನಗೆ ಹ್ಯಾಂಗ್‌ಗಿಂತ ಇದರ ಭಯವೇ ಹೆಚ್ಚು. ನಿಂತ ಮಷಿನ್ ಕಣ್ಣಿಗೆ ಕಾಣುತ್ತದೆ. ತಪ್ಪು ಬರೆದ ಫೈಲ್ ಮದುವೆ ಮನೆಯವರು ವಿಡಿಯೋ ಹಾಕಿದ ದಿನವೇ ಕಾಣುವುದು.

ವೋಲ್ಟೇಜಿನ ಬಗ್ಗೆ ಇನ್ನೊಂದು ಮಾತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾದಾಗ, ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕಾರಣವೆಂದು ಕಂಪನಿಯೇ ಒಪ್ಪಿ ಬಯೋಸ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಚಿಪ್ ಆ ತಿದ್ದುಪಡಿಯಿಂದ ಸರಿಹೋಗುವುದಿಲ್ಲ. ವೇಗ ಇಳಿಸಬಹುದು, ಸವೆದದ್ದನ್ನು ತುಂಬಲಾಗದು.

ಕೊನೆಗೆ ಹೀಟ್‌ಸಿಂಕ್ ಬಿಚ್ಚಿದೆವು. ತಂಬಾಕಿನ ಊರಿನ ಧೂಳು ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿತ್ತು. ಬ್ರಷ್‌ನಿಂದ ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆವು. ನೀವು ಬ್ಲೋವರ್ ಹಿಡಿದರೆ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ. ವೈರ್ ತೆಗೆಯದೆ ಕೇಸ್ ಮುಟ್ಟಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಕರೆಂಟ್ ತೆಗೆದ ಮೇಲೂ ಅದರ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಈಗ ಆ ಕಂಪ್ಯೂಟರ್ ಕಂಪನಿ ಕೊಟ್ಟ ವೇಗದಲ್ಲೇ ಓಡುತ್ತಿದೆ. 43 ನಿಮಿಷದಲ್ಲಿ ಆಗುತ್ತಿದ್ದ ರೆಂಡರ್‌ಗೆ 47 ನಿಮಿಷ ಬೇಕು. ಮೂರೂ ವಿಡಿಯೋ ಮುಟ್ಟಿವೆ. “ರ್‍ಯಾಮಿನ ಮಾತು ಅಣ್ಣಗ ಹೇಳಿದಿ?” ಎಂದು ಕೇಳಿದ್ದಕ್ಕೆ ಹುಡುಗ ನಕ್ಕ. “ವಹಿ ಓದಾಕ ಕೊಟ್ಟೇನ್ರೀ. ಏನೂ ಅಂದಿಲ್ಲ, ಚಹಾ ಕುಡಿಸಿದ.”

ನಮ್ಮ ಲ್ಯಾಬಿನ ಮೂಲೆಯ ಮಷಿನ್ ಕಳೆದ ವಾರದಿಂದ ಹ್ಯಾಂಗ್ ಆಗುತ್ತಿದೆ. ಅದನ್ನು ಯಾರೂ ಓವರ್‌ಕ್ಲಾಕ್ ಮಾಡಿಲ್ಲ. ನೋಡುವ ಮನಸ್ಸಿದ್ದವರು ಶನಿವಾರ ತರಗತಿ ಮುಗಿದ ಮೇಲೆ ಬನ್ನಿ. ವಹಿ, ಪೆನ್ನು ತನ್ನಿ.