ಮೊದಲು ಜಾಗ, ಆಮೇಲೆ ಗಾಣ

ಮಗಳೇ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುತ್ತೀನಿ, ಕೊಬ್ಬರಿ ಎಣ್ಣೆಯ ಗಾಣ ಹಾಕುತ್ತೀನಿ, ರಸ್ತೆ ಬದಿಯ ನಮ್ಮ ಹೊಲದ ಅಂಚಿನಲ್ಲೇ ಒಂದು ಮಳಿಗೆ ಕಟ್ಟಿ ಎಣ್ಣೆ, ಬೆಲ್ಲ, ಎಳನೀರು, ತರಕಾರಿ ಮಾರುತ್ತೀನಿ ಎಂದು ನಿಮ್ಮಪ್ಪನ ಹತ್ತಿರ ಹೇಳಿದೆಯಂತೆ. ಕೇಳಿ ಬಹಳ ಸಂತೋಷವಾಯಿತು. ಓದಿದ ಮಕ್ಕಳು ಮಂಡ್ಯ ಸೀಮೆಯ ಹಳ್ಳಿಗೆ ತಿರುಗಿ ಬರುವುದೇ ಅಪರೂಪ. ಬಂದವರು ಬೆಳೆದದ್ದನ್ನು ಹಾಗೆಯೇ ಮಂಡಿಗೆ ಹೊರದೆ ಊರಲ್ಲೇ ಒಂದು ರೂಪ ಕೊಟ್ಟು ಮಾರಿದರೆ ಇನ್ನೂ ಒಳ್ಳೆಯದು. ನಿನ್ನ ಉತ್ಸಾಹಕ್ಕೆ ನಾನು ಅಡ್ಡ ಬರುವವನಲ್ಲ. ಆದರೆ ನಿನ್ನ ದೊಡ್ಡಪ್ಪ ಪಂಚಾಯಿತಿ ಕಚೇರಿಯಲ್ಲಿ ಕಾಗದ ಪತ್ರ ನೋಡಿಕೊಂಡೇ ತಲೆ ಹಣ್ಣಾದವನು. ಊರಿನ ಸಣ್ಣ ಉದ್ದಿಮೆಗಳು ಗಿರಾಕಿ ಇಲ್ಲದೆ ಮುಚ್ಚಿದ್ದಕ್ಕಿಂತ ನಿಂತ ಜಾಗ ಸರಿ ಇಲ್ಲದೆ ಮುಚ್ಚಿದ್ದನ್ನೇ ನಾನು ಹೆಚ್ಚು ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ: ಗಾಣದ ಯಂತ್ರಕ್ಕೆ ಕೊಯಮತ್ತೂರಿಗೆ ಮುಂಗಡ ಕಳಿಸಬೇಡ, ಈಗಲೇ ಬೇಡ. ಮೊದಲು ಜಾಗದ ಕೆಲಸ ಮುಗಿಸು.

ಜಾಗದ ಕೆಲಸ ಎಂದರೆ ಮೊಟ್ಟಮೊದಲು ಅಳತೆ. ಬೇಲಿ ಇರುವಲ್ಲಿಗೆ ನಮ್ಮ ಗಡಿ ಎಂದು ನಿಮ್ಮಪ್ಪ ನಂಬಿಕೊಂಡಿದ್ದಾನೆ. ರಸ್ತೆ ಅಂಚಿನ ಹೊಲಗಳಲ್ಲಿ ಬೇಲಿ ತಲೆಮಾರಿನಿಂದ ತಲೆಮಾರಿಗೆ ಒಂದೊಂದು ಗೇಣು ಮುಂದಕ್ಕೆ ಸರಿದಿರುತ್ತದೆ, ಇದರಲ್ಲಿ ಯಾರದೂ ದುರುದ್ದೇಶ ಇರಬೇಕೆಂದಿಲ್ಲ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡು, ಭೂಮಾಪಕರು ಬಂದು ಕಲ್ಲು ತೋರಿಸಲಿ. ರಸ್ತೆಯ ಸರಹದ್ದು ಎಲ್ಲಿಗೆ ಮುಗಿಯುತ್ತದೆ, ನಮ್ಮ ಸರ್ವೆ ನಂಬರ್ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ನಕ್ಷೆಯಲ್ಲಿ ನಿನ್ನ ಕೈಗೆ ಬರಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 2002ರ ಹೆದ್ದಾರಿ ನಿಯಂತ್ರಣ ಕಾಯ್ದೆಯ ಪ್ರಕಾರ ಅದರ ಒಂದಡಿ ಜಾಗದಲ್ಲೂ ಅನುಮತಿ ಇಲ್ಲದೆ ಒಂದು ಕಂಬ ನೆಡುವ ಹಾಗಿಲ್ಲ. ನೆಟ್ಟರೆ ತೆಗೆಸುವ ಅಧಿಕಾರ, ತೆಗೆಸಿದ ಖರ್ಚನ್ನು ನಮ್ಮಿಂದಲೇ ವಸೂಲು ಮಾಡುವ ಅಧಿಕಾರ ಎರಡೂ ಅವರಿಗಿದೆ. ನಮ್ಮದು ರಾಜ್ಯ ಹೆದ್ದಾರಿ. ಅದಕ್ಕೆ 1964ರ ಕರ್ನಾಟಕ ಹೆದ್ದಾರಿ ಕಾಯ್ದೆ ಇದೆ, ನೋಡಿಕೊಳ್ಳುವುದು ಲೋಕೋಪಯೋಗಿ ಇಲಾಖೆ.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಗಡಿಕಲ್ಲಿನಿಂದ ಈಚೆ ನನ್ನ ಸ್ವಂತ ಜಮೀನು, ಇಲ್ಲಿ ಕಟ್ಟಿದರೆ ಯಾರು ಕೇಳುತ್ತಾರೆ ಎಂದುಕೊಳ್ಳುತ್ತಾರೆ. ಕೇಳುತ್ತಾರೆ. ರಸ್ತೆಯ ಮಧ್ಯದಿಂದ ಇಷ್ಟು ದೂರದವರೆಗೆ ಕಟ್ಟಡ ಕೂಡದು ಎಂದು ಒಂದು ಕಟ್ಟಡ ರೇಖೆ ಇರುತ್ತದೆ. ಅದರಾಚೆಗೆ ಇನ್ನಷ್ಟು ದೂರ ಕಟ್ಟುವುದಾದರೆ ಒಪ್ಪಿಗೆ ಪಡೆದೇ ಕಟ್ಟಬೇಕು ಎಂದು ನಿಯಂತ್ರಣ ರೇಖೆ ಇರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1980ರ ಮಾನದಂಡದಲ್ಲಿ ಬಯಲು ಸೀಮೆಯ ತೆರೆದ ಪ್ರದೇಶದ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಗೆ ಈ ದೂರ ರಸ್ತೆ ಮಧ್ಯದಿಂದ 40 ಮೀಟರ್ ಮತ್ತು 75 ಮೀಟರ್. ಜಿಲ್ಲಾ ಮುಖ್ಯ ರಸ್ತೆಗೆ 25 ಮತ್ತು 50. ನಲವತ್ತು ಮೀಟರ್ ಎಂದರೆ ಸುಮಾರು 131 ಅಡಿ. ಟೇಪು ಹಿಡಿದು ಅಳೆದು ನೋಡು, ಮಳಿಗೆ ಇಲ್ಲಿ ಬರಲಿ ಎಂದು ನೀನು ಬೆರಳು ಮಾಡಿ ತೋರಿಸಿದ ಹುಣಸೆಮರ ಅದರೊಳಗೇ ಬಂದೀತು. ಹಾಗಿದ್ದರೆ ಅಲ್ಲಿ ತಳಪಾಯ ತೋಡಬೇಡ. ನಮ್ಮ ರಸ್ತೆಗೆ ಗೊತ್ತುಮಾಡಿರುವ ದೂರ ಎಷ್ಟು ಎಂದು ಲೋಕೋಪಯೋಗಿ ಇಲಾಖೆಯ ಉಪವಿಭಾಗದ ಕಚೇರಿಯಲ್ಲಿ ಲಿಖಿತವಾಗಿ ಕೇಳು. ಗಾಣದ ಶೆಡ್ಡು ರೇಖೆಗಳಿಂದ ಹಿಂದಕ್ಕೆ, ತೋಟದ ಕಡೆಗಿರಲಿ. ಮುಂದುಗಡೆ ಇರುವುದು ಚಕ್ರದ ಗಾಡಿಯೋ ಸಂಜೆ ಬಿಚ್ಚಿ ಒಳಗಿಡಬಹುದಾದ ಚಪ್ಪರವೋ ಆಗಿರಲಿ. ಅದಕ್ಕೂ ಬಾಯಿಮಾತಿನ ಒಪ್ಪಿಗೆ ಸಾಲದು, ಕಾಗದ ಬೇಕು.

ಈ ದೂರವನ್ನು ಯಾರೋ ಕಚೇರಿಯಲ್ಲಿ ಕುಳಿತು ನಮ್ಮನ್ನು ಕಾಡಲು ಬರೆದದ್ದಲ್ಲ. ಒಂದು ಕಾರಣ ನಾಳೆ ರಸ್ತೆ ಅಗಲವಾಗಬೇಕು ಎನ್ನುವುದು. ಇನ್ನೊಂದು ಜೀವ. ಎಳನೀರಿನ ಗೊನೆ ಕಂಡು ಕಾರಿನವನು ಗಕ್ಕನೆ ಬ್ರೇಕು ಹಾಕುತ್ತಾನೆ, ಹಿಂದಿನ ಲಾರಿಯವನಿಗೆ ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ತಿರುವಿನಲ್ಲಿ, ಸೇತುವೆಯ ಮಗ್ಗುಲಲ್ಲಿ, ಕೂಡುರಸ್ತೆಯ ಬಾಯಲ್ಲಿ ಎಷ್ಟೇ ವ್ಯಾಪಾರ ಆಗಲಿ, ಮಳಿಗೆ ಇಡಕೂಡದು. ಮೂರು ನಾಲ್ಕು ಕಾರು ರಸ್ತೆ ಬಿಟ್ಟು ಪೂರ್ತಿ ನಮ್ಮ ಜಮೀನಿನೊಳಗೆ ನಿಲ್ಲುವಷ್ಟು ಜಾಗವನ್ನು ಮಳಿಗೆಗಿಂತ ಮೊದಲು ಮಟ್ಟ ಮಾಡಿಸು. ರಾಜ್ಯ ಹೆದ್ದಾರಿಯಿಂದ ಜಮೀನಿಗೆ ವಾಹನ ಇಳಿಯುವ ದಾರಿಗೂ ಇಲಾಖೆಯ ಒಪ್ಪಿಗೆ ಬೇಕು. ಚರಂಡಿಗೆ ಮಣ್ಣು ತುಂಬಿ ದಾರಿ ಮಾಡಿಕೊಂಡರೆ ಮಳೆಗಾಲದಲ್ಲಿ ನೀರು ಪಕ್ಕದವರ ಹೊಲಕ್ಕೆ ನುಗ್ಗುತ್ತದೆ. ಪೈಪು ಹಾಕಿಸಿ ದಾರಿ ಮಾಡು. ಶಾಲೆಯ ಮಕ್ಕಳು ಅದೇ ಅಂಚಿನಲ್ಲಿ ನಡೆದು ಹೋಗುತ್ತಾರೆ ಎನ್ನುವುದನ್ನೂ ಮರೆಯಬೇಡ.

ನಾಳಿನ ರಸ್ತೆ ಎಂದೆನಲ್ಲ, ಅದರ ಪಾಠ ನಮ್ಮ ಕಣ್ಣೆದುರೇ ಇದೆ. ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರು ವಡೆ, ಉದ್ದಕ್ಕೂ ಎಳನೀರು, ಕಬ್ಬಿನ ಹಾಲು, ಇವೆಲ್ಲ ನಿಂತಿದ್ದು ಹಾದುಹೋಗುವ ವಾಹನಗಳ ಮೇಲೆ. 2023ರ ಮಾರ್ಚ್ 12ರಂದು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಆಗಿ ದೂರ ಹೋಗುವ ಕಾರುಗಳು ಊರೊಳಗೆ ಬರುವುದನ್ನೇ ಬಿಟ್ಟವು. ಅದೇ ವರ್ಷ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲ. ಎಷ್ಟೋ ಅಂಗಡಿಯವರು ಕೈಕಟ್ಟಿ ಕುಳಿತರು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ, ಆದರೆ ಆ ರಸ್ತೆಯ ಯೋಜನೆ ಕಾಗದದ ಮೇಲೆ ಬಂದು ವರ್ಷಗಳಾಗಿದ್ದವು. ನಮ್ಮ ರಸ್ತೆಗೆ ಅಗಲೀಕರಣ ಇದೆಯೇ, ಬೈಪಾಸ್ ಯೋಚನೆ ಇದೆಯೇ ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಲಕ್ಷಗಟ್ಟಲೆ ಬಂಡವಾಳ ಸುರಿಯುವವಳು ಮೂವತ್ತು ದಿನ ಕಾಯಲೇಬೇಕು.

ಇನ್ನು ಭೂಪರಿವರ್ತನೆ. ಊರಲ್ಲಿ ಎಲ್ಲರೂ ಅಲಿನೇಷನ್ ಎನ್ನುತ್ತಾರಲ್ಲ, ಅದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನು ರೈತನಿಗೆ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಲು, ಬಾವಿ ತೋಡಲು ಬಿಡುತ್ತದೆ. ಕೊಬ್ಬರಿ ಒಣಗಿಸುವ, ಗೊಬ್ಬರ, ಸಲಕರಣೆ ಇಡುವ ಶೆಡ್ಡಿಗೆ ಯಾರೂ ತಕರಾರು ಮಾಡುವುದಿಲ್ಲ. ನೀನು ಸುತ್ತಲ ಹತ್ತು ಊರಿನ ಕೊಬ್ಬರಿ ಕೊಂಡು ಹಿಂಡಿ ಮಾರತೊಡಗಿದ ದಿನ ಅದು ಬೇಸಾಯವಾಗಿ ಉಳಿಯುವುದಿಲ್ಲ, ಉದ್ದಿಮೆಯಾಗುತ್ತದೆ. ಆಗ ಅಷ್ಟು ಗುಂಟೆ ಜಾಗದ ಉಪಯೋಗ ಬದಲಾಗಿದೆ ಎಂದು ಕಂದಾಯ ಇಲಾಖೆಯ ಲೆಕ್ಕದಲ್ಲಿ ಬರಬೇಕು. ಅನುಮತಿ ಇಲ್ಲದೆ ಬದಲಿಸಿದರೆ ದಂಡಕ್ಕೆ 96ನೇ ಸೆಕ್ಷನ್ ಕಾದಿರುತ್ತದೆ. ಪೂರ್ತಿ ಎರಡೆಕರೆ ಪರಿವರ್ತನೆ ಮಾಡಿಸುವ ಆಸೆಗೆ ಬೀಳಬೇಡ, ಗಾಣಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಕೇಳು. ಉಳಿದದ್ದು ತೋಟವಾಗಿಯೇ ಇರಲಿ. ಈ ಸೆಕ್ಷನ್ನಿಗೆ ಮತ್ತೆ ಮತ್ತೆ ತಿದ್ದುಪಡಿ ಆಗುತ್ತಲೇ ಬಂದಿದೆ. ಆದ್ದರಿಂದ ಪಕ್ಕದ ಊರಿನವರು ಆಗ ಹೀಗೆ ಮಾಡಿಸಿದರು ಎನ್ನುವ ಮಾತಿಗೆ ಕಿವಿಗೊಡದೆ, ಸಣ್ಣ ಉದ್ದಿಮೆಗೆ ಈಗ ಯಾವ ವಿನಾಯಿತಿ ಇದೆ ಎಂದು ಅರ್ಜಿ ಹಾಕುವ ದಿನವೇ ತಾಲ್ಲೂಕು ಕಚೇರಿಯಲ್ಲಿ ಕೇಳಿಕೋ. ನಮ್ಮ ಸರ್ವೆ ನಂಬರು ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬಂದಿದೆಯೇ ಎಂಬುದನ್ನೂ ನೋಡು. ಬಂದಿದ್ದರೆ ಮಹಾಯೋಜನೆಯ ನಕ್ಷೆಯಲ್ಲಿ ಅದು ಯಾವ ವಲಯ ಎಂಬುದೇ ಕೊನೆಯ ಮಾತು.

ಆಮೇಲೆ ನಮ್ಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಕಟ್ಟಡಕ್ಕೆ ಒಂದು ಅನುಮತಿ, ಯಂತ್ರ ಕೂರಿಸುವುದಕ್ಕೆ ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೋ: ತೆರಿಗೆ ಕಟ್ಟಿದ ರಸೀದಿ ಅನುಮತಿಯಲ್ಲ. ನಿಯಮ ಮೀರಿದ ಕಟ್ಟಡಕ್ಕೂ ಪಂಚಾಯಿತಿ ತೆರಿಗೆ ಹಾಕಿಕೊಳ್ಳುತ್ತದೆ, 11ಬಿ ನಮೂನೆ ಕೊಡುತ್ತದೆ. ಅದನ್ನೇ ಖಾತೆ ಎಂದು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದವರು ಬ್ಯಾಂಕಿಗೆ ಹೋದಾಗ ಸಾಲ ಸಿಗದೆ ಬರಿಗೈಲಿ ಬಂದದ್ದನ್ನು ನೋಡಿದ್ದೇನೆ. ನಿನಗೆ ಬೇಕಾದದ್ದು ಇ-ಸ್ವತ್ತಿನ ನಮೂನೆ 9 ಮತ್ತು 11ಎ.

ಕರೆಂಟಿನ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ. ಪಂಪ್‌ಸೆಟ್ಟಿನ ಲೈನು ಪಕ್ಕದಲ್ಲೇ ಇದೆ, ಹತ್ತು ಎಚ್‌ಪಿವರೆಗೆ ಬಿಲ್ಲಿಲ್ಲ, ಅದರಿಂದಲೇ ಗಾಣ ಓಡಿಸೋಣ ಎನ್ನುತ್ತಾರೆ. ಲೈನ್‌ಮನ್ ಕೂಡ ನೋಡಿಯೂ ನೋಡದ ಹಾಗಿರುತ್ತಾನೆ. ನೀರಾವರಿಗೆ ಕೊಟ್ಟ ಸಂಪರ್ಕವನ್ನು ಉದ್ದಿಮೆಗೆ ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದರದ ಎರಡು ಪಟ್ಟು ವಸೂಲು ಮಾಡುತ್ತಾರೆ. ಅಷ್ಟೇ ಅಲ್ಲ, ಬೇಸಾಯಗಾರನಿಗೆಂದು ಸರ್ಕಾರ ಹೊರುವ ಖರ್ಚನ್ನು ನಾವು ವ್ಯಾಪಾರಕ್ಕೆ ಬಳಸಿದ ಹಾಗಾಗುತ್ತದೆ. ಅದು ನಮ್ಮ ಮನೆಯವರಿಗೆ ಒಪ್ಪುವ ಕೆಲಸವಲ್ಲ. ಗಾಣಕ್ಕೆ ಕೈಗಾರಿಕಾ ಸಂಪರ್ಕವನ್ನೇ ಬೇರೆಯಾಗಿ ತೆಗೆದುಕೋ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ಹೊಲದ ಬದನೆಕಾಯಿ, ಎಳನೀರನ್ನು ಬೆಳೆದವರೇ ಮಾರಲು ಆಹಾರ ಸುರಕ್ಷತಾ ಕಾಯ್ದೆಯ ಗೊಡವೆ ಇಲ್ಲ. 2006ರ ಆ ಕಾಯ್ದೆ ರೈತನ ಬೆಳೆಯನ್ನು ಹೊರಗಿಟ್ಟಿದೆ. ಎಣ್ಣೆ ಹಿಂಡಿದರೆ, ಬೆಲ್ಲ ಪೊಟ್ಟಣ ಕಟ್ಟಿದರೆ ನೋಂದಣಿ ಬೇಕು. ಅಡುಗೆ ಎಣ್ಣೆಯನ್ನು ಬಂದವರ ಬಾಟಲಿಗೆ ಬಿಡಿಯಾಗಿ ಅಳೆದು ಹಾಕುವುದಕ್ಕೆ ನಿರ್ಬಂಧವಿದೆ, ಮುಚ್ಚಿ ಮುದ್ರೆ ಹಾಕಿದ ಡಬ್ಬಿಯಲ್ಲೇ ಮಾರು. ಡಬ್ಬಿಯ ಮೇಲೆ ವಿಳಾಸ, ತೂಕ, ತಿಂಗಳು, ಗರಿಷ್ಠ ಬೆಲೆ ಇರಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸು. ಮಾಲಿನ್ಯದ ಲೆಕ್ಕದಲ್ಲಿ ಉದ್ದಿಮೆಗಳನ್ನು 2016ರಲ್ಲಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದರು; ಗಾಣದಂಥ ಸಣ್ಣ ಕೆಲಸ ಹಸಿರಿನಲ್ಲಿ ಬರುತ್ತದೆ. ಹಸಿರು ಎಂದ ಮಾತ್ರಕ್ಕೆ ಒಪ್ಪಿಗೆ ಬೇಡವೆಂದಲ್ಲ, ಸುಲಭ ಅಷ್ಟೇ. ಮುಂದೊಂದು ದಿನ ಆಲೆಮನೆಯನ್ನೂ ಹಾಕುವ ಆಸೆ ನಿನಗಿದೆ ಎಂದು ಕೇಳಿದೆ. ಅದರ ಹೊಗೆ ಗಾಳಿ ಬೀಸುವ ಕಡೆ ಯಾರ ಮನೆಗೆ ಹೋಗುತ್ತದೆ ಎಂದು ನೋಡಿ ಜಾಗ ಹುಡುಕು, ಸಿಪ್ಪೆ ಬಿಟ್ಟು ಹಳೆಯ ಟೈರು, ಪ್ಲಾಸ್ಟಿಕ್ಕು ಎಂದಿಗೂ ಉರಿಸಬೇಡ. ನೆರೆಯವರ ಒಂದು ದೂರಿನಿಂದ ನಿಂತ ಕೆಲಸ ಹತ್ತು ಲೈಸೆನ್ಸಿದ್ದರೂ ಮತ್ತೆ ಸರಾಗವಾಗಿ ಏಳುವುದು ಕಷ್ಟ.

ಸಹಾಯಧನದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ನೀನೂ ಕೊನೆಗೇ ಇಟ್ಟುಕೋ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಬ್ಯಾಂಕ್ ಸಾಲ ಪಡೆದವರಿಗೆ ಯೋಜನಾ ವೆಚ್ಚದ ಶೇ 35ರಷ್ಟು, ಹತ್ತು ಲಕ್ಷದವರೆಗೆ ಸಹಾಯಧನ ಇಟ್ಟರು. ನಮ್ಮ ರಾಜ್ಯ ತನ್ನ ಪಾಲು ಸೇರಿಸಿ ಶೇ 50, ಹದಿನೈದು ಲಕ್ಷದವರೆಗೆ ಏರಿಸಿತು. ಮಂಡ್ಯ ಜಿಲ್ಲೆಗೆ ಅದರಲ್ಲಿ ಗುರುತಿಸಿದ ಉತ್ಪನ್ನ ಬೆಲ್ಲವೇ. ಕೃಷಿ ಇಲಾಖೆಯಲ್ಲಿ ಕೇಳಿದರೆ ಈಗಿನ ನಿಯಮ ಹೇಳುತ್ತಾರೆ. ಆದರೆ ಸಹಾಯಧನ ಬರುತ್ತದೆ ಎಂದು ದೊಡ್ಡ ಯಂತ್ರ ತಂದು, ಅದನ್ನು ಇಡಲು ಕಾಯ್ದೆಬದ್ಧ ಜಾಗ ಇಲ್ಲದೆ ಸಾಲದ ಕಂತು ಕಟ್ಟುತ್ತ ಕುಳಿತವರ ಗತಿ ನಿನಗೆ ಬರಬಾರದು.

ನಿಯಮಗಳೆಲ್ಲ ನ್ಯಾಯವಾಗಿವೆ ಎಂದು ನಾನು ಹೇಳುತ್ತಿಲ್ಲ. ಪಟ್ಟಣದ ಬೀದಿಬದಿ ವ್ಯಾಪಾರಿಗಳಿಗೆ 2014ರಲ್ಲಿ ಒಂದು ಕಾಯ್ದೆ ಬಂತು. ಅವರ ಸಮೀಕ್ಷೆ ಆಗಬೇಕು, ವ್ಯಾಪಾರ ವಲಯ ಗುರುತಿಸಬೇಕು, ಹೇಳದೆ ಕೇಳದೆ ಎತ್ತಂಗಡಿ ಮಾಡುವ ಹಾಗಿಲ್ಲ. ಅದು ನಗರಸಭೆ, ಪಟ್ಟಣ ಪಂಚಾಯಿತಿಯ ಎಲ್ಲೆಯಲ್ಲೇ ನಿಂತುಹೋಯಿತು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ರಸ್ತೆಯಲ್ಲಿ ಬುಟ್ಟಿ ಇಟ್ಟು ಸೀತಾಫಲ ಮಾರುವ ಹೆಂಗಸಿಗೆ ಆ ರಕ್ಷಣೆ ಇಲ್ಲ. ಅವಳ ಪಾಲಿಗಿರುವುದು ತೆಗೆಸುವ ಕಾಯ್ದೆ ಮಾತ್ರ, ಕೂರಲು ಜಾಗ ಕೊಡುವ ಕಾಯ್ದೆಯಲ್ಲ. ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಾಯ್ದೆ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ, ಪಂಚಾಯಿತಿಯೇ ಮನಸ್ಸು ಮಾಡಿದರೆ ರಸ್ತೆಯಿಂದ ಹಿಂದೆ ಸರಿದ ತನ್ನ ಜಾಗದಲ್ಲಿ ಕಟ್ಟೆ, ನೆರಳು, ನೀರು ಮಾಡಿ ಕೊಡಬಹುದು. ನರೇಗಾ ಹಣದಲ್ಲಿ ಸಂತೆಕಟ್ಟೆ ಕಟ್ಟಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ.

ಅನುಮತಿ ಕೇಳಲು ಹೋದಾಗ ಒಬ್ಬರಲ್ಲ ಒಬ್ಬರು ಹೇಳುತ್ತಾರೆ: ಇದೆಲ್ಲ ಯಾಕೆ, ಏನಾದರೂ ಕೊಟ್ಟು ಶುರು ಮಾಡಿ, ಯಾರೂ ಕೇಳುವುದಿಲ್ಲ. ಆ ಮಾತು ಕೇಳಬೇಡ ಮಗಳೇ. ದೊಡ್ಡವರ ಕಾರ್ಖಾನೆಗೆ ಕಾಗದ ಇಲ್ಲದಿದ್ದರೆ ವಕೀಲರಿರುತ್ತಾರೆ, ತಡೆಯಾಜ್ಞೆ ಬರುತ್ತದೆ. ಸಣ್ಣವರ ಕೈಯಲ್ಲಿ ಕಾಗದ ಇಲ್ಲದಿದ್ದರೆ ಬಂದ ಪ್ರತಿಯೊಬ್ಬ ಅಧಿಕಾರಿಗೂ, ಬದಲಾದ ಪ್ರತಿಯೊಬ್ಬ ಸದಸ್ಯನಿಗೂ ಹೊಸದಾಗಿ ಕೈಮುಗಿಯಬೇಕು, ಹೊಸದಾಗಿ ಮಾಮೂಲಿ ಕೊಡಬೇಕು. ಅನುಮತಿ ಪತ್ರ ಬಡವನಿಗೇ ಹೆಚ್ಚು ಬೇಕಾದದ್ದು. ಕೇಳುವುದನ್ನೆಲ್ಲ ಬರೆದು ಕೇಳು, ಸ್ವೀಕೃತಿ ಪಡೆ, ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಅದರ ಸಂಖ್ಯೆ ಬರೆದಿಟ್ಟುಕೋ. ಗೊತ್ತುಮಾಡಿದ ದಿನ ಮೀರಿದರೆ ಮೇಲ್ಮನವಿ ಹಾಕಲು ಅದೇ ಆಧಾರ. ಎಲ್ಲ ಪತ್ರಗಳ ಒಂದೊಂದು ಪ್ರತಿ ಮಳಿಗೆಯಲ್ಲೂ ಇರಲಿ.

ಮುಂದಿನ ಗ್ರಾಮಸಭೆಗೆ ನೀನು ಬರಬೇಕು. ನಿನ್ನ ಗಾಣದ ಅರ್ಜಿಯೊಂದನ್ನೇ ತರಬೇಡ. ನಮ್ಮ ರಸ್ತೆಯುದ್ದಕ್ಕೂ ಬುಟ್ಟಿ ಇಟ್ಟು ಕೂರುವ ಎಲ್ಲ ಹೆಣ್ಣುಮಕ್ಕಳ ಹೆಸರು ಬರೆದು, ಅವರಿಗೆ ಸರಹದ್ದಿನಾಚೆ ಒಂದು ಕಟ್ಟೆ ಬೇಕೆಂದು ಠರಾವು ಮಾಡಿಸು. ಸಹಿ ಹಾಕಲು ನಾನು ಮೊದಲು ಬರುತ್ತೇನೆ.