ಎರಿಟ್ರಿಯದ ಹತ್ತು ವರ್ಷಗಳ ಸ್ವಾಯತ್ತತೆ

ಒಕ್ಕೂಟ ರಾಜ್ಯದ ಲಕ್ಷಣಗಳನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು: ಲಿಖಿತ ಸಂವಿಧಾನ, ಅಧಿಕಾರಗಳ ಹಂಚಿಕೆ, ಉಭಯ ಪಕ್ಷಗಳಿಗೂ ಸೇರದ ನ್ಯಾಯಸ್ಥಾನ. ಇವುಗಳಲ್ಲಿ ಮೂರನೆಯದೇ ಇಲ್ಲವಾದರೆ ಮೊದಲೆರಡರ ಗತಿ ಏನಾದೀತು? ಈ ಪ್ರಶ್ನೆಗೆ ಆಫ್ರಿಕಾ ಖಂಡದ ಎರಿಟ್ರಿಯದ ಚರಿತ್ರೆಯು ಉತ್ತರ ಹೇಳುತ್ತದೆ.

ಎರಿಟ್ರಿಯವು ಕೆಂಪು ಸಮುದ್ರದ ಪಶ್ಚಿಮ ತೀರದ ನಾಡು. ಎತ್ತರದ ಪ್ರಸ್ಥಭೂಮಿಯಲ್ಲಿ ಟಿಗ್ರಿನ್ಯ ಭಾಷೆಯನ್ನಾಡುವ ಕ್ರೈಸ್ತ ಬೇಸಾಯಗಾರರು; ತಗ್ಗಿನ ಬಯಲಿನಲ್ಲಿ ಬಹುಮಟ್ಟಿಗೆ ಮುಸ್ಲಿಂ ಪಶುಪಾಲಕರು. 1890ರಲ್ಲಿ ಇಟಲಿಯು ಈ ನಾಡನ್ನು ತನ್ನ ವಸಾಹತೆಂದು ಸಾರಿತು. 1941ರಲ್ಲಿ ಕೆರೆನ್ ಎಂಬಲ್ಲಿ ನಡೆದ ಘೋರ ಯುದ್ಧದಲ್ಲಿ ಇಟಲಿಯ ಸೈನ್ಯ ಸೋತಿತು. ಅಲ್ಲಿ ಹೋರಾಡಿದವರಲ್ಲಿ ಭಾರತೀಯ ಸೇನೆಯ 4 ಮತ್ತು 5ನೆಯ ಡಿವಿಜನ್‌ಗಳ ಯೋಧರು ಪ್ರಮುಖರು. ಆ ಬಳಿಕ 1952ರವರೆಗೆ ಬ್ರಿಟಿಷರ ಆಡಳಿತ ನಡೆಯಿತು.

ಮುಂದೇನೆಂಬುದರಲ್ಲಿ ಜನರಿಗೆ ಒಮ್ಮತವಿರಲಿಲ್ಲ. ಒಂದು ಪಕ್ಷವು ಇಥಿಯೋಪಿಯದೊಡನೆ ಐಕ್ಯವನ್ನೂ, ಮುಸ್ಲಿಂ ಲೀಗು ಮೊದಲಾದವು ಸ್ವಾತಂತ್ರ್ಯವನ್ನೂ ಬಯಸಿದವು. ಕಡಲ ತೀರವಿಲ್ಲದ ಇಥಿಯೋಪಿಯಕ್ಕೆ ಮಸ್ಸಾವ, ಅಸ್ಸಾಬ್ ಬಂದರುಗಳು ಬೇಕಾಗಿದ್ದವು. 1950ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯು ನಡುದಾರಿಯೊಂದನ್ನು ಹಿಡಿಯಿತು: ಎರಿಟ್ರಿಯವು ಇಥಿಯೋಪಿಯದ ಚಕ್ರವರ್ತಿಯ ಸಾರ್ವಭೌಮತ್ವಕ್ಕೊಳಪಟ್ಟು, ಒಕ್ಕೂಟದಲ್ಲಿ ಒಂದು ಸ್ವಾಯತ್ತ ಘಟಕವಾಗಿರಬೇಕು.

ಬೊಲಿವಿಯದ ಆನ್ಸೆ ಮಟಿಯೆನ್ಸೊ ಎಂಬ ವಿಶ್ವಸಂಸ್ಥೆಯ ಕಮಿಷನರರ ನೆರವಿನಿಂದ ಸಂವಿಧಾನ ಸಿದ್ಧವಾಯಿತು. 68 ಸದಸ್ಯರ ಶಾಸನಸಭೆ, ಪ್ರತ್ಯೇಕ ಧ್ವಜ, ಟಿಗ್ರಿನ್ಯ ಮತ್ತು ಅರಬ್ಬೀ ಆಡಳಿತ ಭಾಷೆಗಳು—ಇವೆಲ್ಲ ಎರಿಟ್ರಿಯಕ್ಕೆ ದೊರೆತವು. ರಕ್ಷಣೆ, ವಿದೇಶಾಂಗ, ನಾಣ್ಯ, ಬಂದರುಗಳು ಒಕ್ಕೂಟ ಸರ್ಕಾರದ ಪಾಲಾದವು. 1952ರ ಸೆಪ್ಟೆಂಬರಿನಲ್ಲಿ ಒಕ್ಕೂಟವು ಜಾರಿಗೆ ಬಂದಿತು.

ಕಾಗದದ ಮೇಲೆ ಏರ್ಪಾಡು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಒಕ್ಕೂಟ ಸರ್ಕಾರವೆಂಬುದು ಬೇರೆಯಾಗಿ ಇರಲೇ ಇಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರವೇ ಒಕ್ಕೂಟ ಸರ್ಕಾರವೂ ಆಗಿತ್ತು. ಪಕ್ಷಗಾರನೇ ಪಂಚನೂ ಆದಮೇಲೆ ನ್ಯಾಯ ಕೇಳುವುದು ಯಾರಲ್ಲಿ? ಇನ್ನೊಂದು ಕಡೆ, ಚುನಾಯಿತ ಶಾಸನಸಭೆಗೆ ಅಧಿಕಾರ ಕೊಟ್ಟ ಸ್ವಾಯತ್ತ ಘಟಕವು ರಾಜನೇ ಸರ್ವಾಧಿಕಾರಿಯಾದ ಸಾಮ್ರಾಜ್ಯಕ್ಕೆ ಅಂಟಿಕೊಂಡಿತ್ತು. ಈ ಎರಡೂ ಬಹುಕಾಲ ಹೊಂದಿ ಬಾಳುವುದು ಸಾಧ್ಯವಿರಲಿಲ್ಲ.

ಆದುದರಿಂದ ಸ್ವಾಯತ್ತತೆಯು ಒಮ್ಮೆಗೇ ಮುರಿಯಲಿಲ್ಲ. ಒಂದೊಂದೇ ಕಲ್ಲಾಗಿ ಕಳಚಿತು. ಸುಂಕದ ಆದಾಯದ ಪಾಲಿನ ಬಗ್ಗೆ ಜಗಳವೆದ್ದಿತು. ಪತ್ರಿಕೆಗಳ ಬಾಯಿ ಕಟ್ಟಲಾಯಿತು. ಐಕ್ಯವಾದಿಯೇ ಆಗಿದ್ದ ಮೊದಲ ಮುಖ್ಯಾಡಳಿತಗಾರ ತೆದ್ಲ ಬೈರು 1955ರಲ್ಲಿ ರಾಜೀನಾಮೆ ಕೊಟ್ಟರು. 1958ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದಾಗ ಗುಂಡು ಹಾರಿತು. ಅದೇ ವರ್ಷ ಧ್ವಜವೂ ಇಳಿಯಿತು. 1960ರಲ್ಲಿ ‘ಎರಿಟ್ರಿಯ ಸರ್ಕಾರ’ವೆಂಬ ಹೆಸರು ‘ಎರಿಟ್ರಿಯ ಆಡಳಿತ’ವೆಂದಾಯಿತು. ಕಡೆಗೆ 1962ರ ನವೆಂಬರ್ 14ರಂದು ಶಾಸನಸಭೆಯಲ್ಲಿಯೇ ಒಕ್ಕೂಟದ ಅಂತ್ಯವನ್ನು ಸಾರಲಾಯಿತು. ಅದನ್ನು ಹುಟ್ಟಿಸಿದ ವಿಶ್ವಸಂಸ್ಥೆಯು ಸುಮ್ಮನಿದ್ದಿತು.

ನ್ಯಾಯಸ್ಥಾನವಿಲ್ಲದ ಕಡೆ ಜನರು ಆಯುಧ ಹಿಡಿದರು. 1961ರ ಸೆಪ್ಟೆಂಬರಿನಲ್ಲಿ ಮೊದಲಾದ ಹೋರಾಟವು ಮೂವತ್ತು ವರ್ಷ ನಡೆದು, 1991ರಲ್ಲಿ ರಾಜಧಾನಿ ಅಸ್ಮಾರ ಹೋರಾಟಗಾರರ ಕೈಸೇರಿತು. 1993ರ ಜನಮತ ಗಣನೆಯಲ್ಲಿ ಶೇಕಡ 99ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯವನ್ನು ಬಯಸಿದರು. ಹೀಗೆ ಎರಿಟ್ರಿಯವು ಸ್ವತಂತ್ರ ರಾಷ್ಟ್ರವಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1997ರಲ್ಲಿ ಅಂಗೀಕೃತವಾದ ಸ್ವತಂತ್ರ ಎರಿಟ್ರಿಯದ ಸಂವಿಧಾನವು ಆಚರಣೆಗೆ ಬರಲೇ ಇಲ್ಲ. ರಾಷ್ಟ್ರಮಟ್ಟದ ಚುನಾವಣೆಯೂ ನಡೆದಿಲ್ಲ. ಆಳುವವರು ಪರಕೀಯರಾಗಲಿ, ಸ್ವಕೀಯರಾಗಲಿ, ಅವರನ್ನು ತಡೆದು ಪ್ರಶ್ನಿಸುವ ಸಂಸ್ಥೆಯಿಲ್ಲದ ಕಡೆ ಸಂವಿಧಾನವು ಬರಿಯ ಬರಹವಾಗಿಯೇ ಉಳಿಯುತ್ತದೆ. ಎರಿಟ್ರಿಯದ ಜನರು ಈ ಪಾಠಕ್ಕೆ ಎರಡು ಬಾರಿ ಬೆಲೆ ತೆತ್ತಿದ್ದಾರೆ.